ಕ್ಯಾಮರಾದೊಳಗಿನ ಸೋಣ

ಸಾವಿರ ಜನರಿಗೆ ಅಡುಗೆ ಮಾಡುವಷ್ಟು ಪಾತ್ರೆಗಳು ನಮ್ಮ ಮನೆಯಲ್ಲಿದ್ದವು. ನಾಲ್ಕು ಜನರಿಗೆ ಸಾರು ಮಾಡಲು ಹೇಳಿ ಮಾಡಿಸಿದಂಥ ಒಂದು ಪಾತ್ರೆ ಇರಲಿಲ್ಲ. ಅಪ್ಪನದು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರ. ಪುತ್ತೂರು ಪೇಟೆ ಮುಗಿದು ಸುಳ್ಯದ ರಸ್ತೆ ಹಿಡಿಯುವಲ್ಲಿ ಅಂಗಡಿ, ಅಂಗಡಿಯ ಬೆನ್ನಿಗೆ ಅಂಟಿಕೊಂಡು ಮನೆ. ಅಂಗಡಿ ಎಲ್ಲಿ ಮುಗಿದು ಮನೆ ಎಲ್ಲಿ ಶುರುವಾಗುತ್ತದೆ ಎಂದು ಅಪ್ಪನ ತಾಯಿಗೂ, ಅಂದರೆ ನನ್ನ ಅಜ್ಜಿಗೂ, ಹೇಳಲು ಬರುತ್ತಿರಲಿಲ್ಲ. ಚಾವಡಿಯಲ್ಲಿ ಒಂದರೊಳಗೊಂದು ಕೂರಿಸಿದ ಪ್ಲಾಸ್ಟಿಕ್ ಕುರ್ಚಿಗಳು ಮಾಡಿನ ಹಂಚಿನವರೆಗೆ ಏರಿರುತ್ತಿದ್ದವು. ಮಲಗುವ ಕೋಣೆಯ ಮಂಚದಡಿಯಲ್ಲಿ ಮದುವೆ ಮಂಟಪದ ಕಂಬಗಳು. ಅಟ್ಟದ ತುಂಬ ಶಾಮಿಯಾನದ ಬಟ್ಟೆ. ಅದರ ಮೇಲೆ ಮಲಗಿದರೆ ಯಾರದೋ ಮದುವೆಯ ಸಾಂಬಾರಿನ ವಾಸನೆ ಬರುತ್ತಿತ್ತು. ನಾನು ಮಗ್ಗಿ ಕಲಿತದ್ದು ಮಗುಚಿ ಹಾಕಿದ ಕೊಪ್ಪರಿಗೆಯ ಮೇಲೆ ಕುಳಿತು. ಪ್ರತಿ ಪಾತ್ರೆಯ ಕಂಠದಲ್ಲೂ ಕೆಂಪು ಪೇಂಟಿನಲ್ಲಿ ಅಪ್ಪನ ಹೆಸರಿನ ಎರಡು ಅಕ್ಷರ ಇರುತ್ತಿತ್ತು, ನಾನು ಹಾಲು ಕುಡಿಯುವ ಲೋಟದ ಮೇಲೂ. ಮದುವೆಯ ಕಾಲ ಬಂದರೆ ಆ ಲೋಟವೂ ಗೋಣಿಚೀಲ ಸೇರಿ ಪೆರಾಬೆಗೋ ಈಶ್ವರಮಂಗಲಕ್ಕೋ ಹೊರಟುಹೋಗುತ್ತಿತ್ತು.

ಅಮ್ಮ ಇದನ್ನು ಸುಮ್ಮನೆ ಬಿಡುವವಳಲ್ಲ. ನಮ್ಮ ಮನೆಮಾತು ತುಳು. ಆದರೆ ಅಪ್ಪನನ್ನು ತರಾಟೆಗೆ ತೆಗೆದುಕೊಳ್ಳುವಾಗ ಅವಳು ಕನ್ನಡಕ್ಕೆ ಬರುತ್ತಿದ್ದಳು, ತುಳು ಬಾರದ ಗಿರಾಕಿಗಳಿಗೂ ಒಂದಿಷ್ಟು ಸಿಗಲಿ ಎಂದು.

"ಊರಿನವರ ಮದುವೆಗೆಲ್ಲ ಇಲ್ಲಿಂದ ಪಾತ್ರೆ ಹೋಗ್ತದೆ. ನನಗೆ ಒಂದು ಚಾ ಕಾಯಿಸ್ಲಿಕ್ಕೆ ಪಾತ್ರೆ ಬೇಕಾದ್ರೆ ನಾನೂ ಅಡ್ವಾನ್ಸ್ ಕೊಡ್ಬೇಕಾ ಎಂತ?"

ಅಪ್ಪ ಉತ್ತರ ಕೊಡುತ್ತಿರಲಿಲ್ಲ. ಅವರಿಗೆ ಮಾತು ಕಡಿಮೆ, ಸಿಟ್ಟು ಬಂದರೆ ಇನ್ನೂ ಕಡಿಮೆ. ಎದ್ದು ಹೋಗಿ, ಆಗಲೇ ಜೋಡಿಸಿಟ್ಟ ಕುರ್ಚಿಗಳನ್ನು ಇಳಿಸಿ ಮತ್ತೆ ಜೋಡಿಸುತ್ತಿದ್ದರು. ಕುರ್ಚಿಯ ಸದ್ದು ಎಷ್ಟು ಜೋರು ಎಂಬುದರಿಂದಲೇ ಅಜ್ಜಿ ಮಗನ ಸಿಟ್ಟನ್ನು ಅಳೆಯುತ್ತಿದ್ದಳು. ಅಮ್ಮನ ಸಿಟ್ಟು ಬಾಯಿಂದ ಹೊರಗೆ ಬಂದು ಅಲ್ಲಿಯೇ ಆರಿಹೋಗುತ್ತಿತ್ತು. ಅಪ್ಪನದು ಒಳಗೇ ಕುಳಿತು ತಿಂಗಳುಗಟ್ಟಲೆ ಇರುತ್ತಿತ್ತು. ಅಮ್ಮ ಇದ್ದಷ್ಟು ದಿನ ಅದರಿಂದ ಏನೂ ಕೆಡಲಿಲ್ಲ, ಏಕೆಂದರೆ ಅವರನ್ನು ಕೆಣಕಿ ಕೆಣಕಿ ಮಾತಾಡಿಸುವ ಕೆಲಸವನ್ನು ಅವಳು ಬಿಟ್ಟವಳೇ ಅಲ್ಲ. ಆ ಕೆಲಸವನ್ನು ನಮ್ಮ ಮನೆಯಲ್ಲಿ ಬೇರೆ ಯಾರೂ ಕಲಿಯಲಿಲ್ಲ.

ಪಾತ್ರೆಗಳೆಲ್ಲ ಒಟ್ಟಿಗೆ ಮನೆಯಲ್ಲಿರುತ್ತಿದ್ದದ್ದು ಆಟಿ ತಿಂಗಳಲ್ಲಿ ಮಾತ್ರ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ತಿಂಗಳಲ್ಲಿ ನಮ್ಮ ಕಡೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸತೆಂಬುದು ಯಾವುದೂ ಇಲ್ಲ. ಅದು ಕಳೆದು ಸೋಣ ತಿಂಗಳು ಬಂದ ಮೇಲೆಯೇ ಒಳ್ಳೆಯ ಕೆಲಸಗಳು. ಹಾಗಾಗಿ ಆಟಿಯಲ್ಲಿ ಅಪ್ಪನಿಗೆ ಕೆಲಸವಿಲ್ಲ, ಅಮ್ಮನಿಗೆ ಮನೆಯೊಳಗೆ ನಡೆಯಲು ಜಾಗವಿಲ್ಲ. ಅಜ್ಜಿಗೆ ಮಾತ್ರ ಅದು ತನ್ನ ಆಡಳಿತದ ಕಾಲ. ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ತೊಗಟೆಯ ಕಹಿ ಕಷಾಯವನ್ನು ಎಲ್ಲರೂ ಖಾಲಿ ಹೊಟ್ಟೆಗೆ ಕುಡಿಯಬೇಕು. ಕುಡಿದವರ ಗಂಟಲು ಏರಿಳಿದದ್ದನ್ನು ನೋಡಿಯೇ ಅವಳು ಮುಂದಿನವರ ಕಡೆ ತಿರುಗುತ್ತಿದ್ದಳು. ಹೊಸ ಬಟ್ಟೆ ಉಡುವಂತಿಲ್ಲ, ಹೊಸ ಪಾತ್ರೆ ಒಲೆಗೆ ಏರಿಸುವಂತಿಲ್ಲ. ಒಮ್ಮೆ ನಾನು ಹೊಸ ಪೆನ್ಸಿಲು ಹೆರೆದದ್ದಕ್ಕೆ ಊಟದ ಹೊತ್ತಿನವರೆಗೂ ಗೊಣಗಿದ್ದಳು. ಮತ್ತೆ ಅದೇ ಅಜ್ಜಿ ಕೆಸುವಿನೆಲೆಯ ಪತ್ರೊಡೆಯ ತುದಿ ಮುರಿದು, ಮೇಲೆ ತೆಂಗಿನೆಣ್ಣೆ ಹಾಕಿ, ಎಲ್ಲರಿಗಿಂತ ಮೊದಲು ನನ್ನ ಬಾಯಿಗಿಡುತ್ತಿದ್ದಳು.

ನಾನು ಐದನೆಯದೋ ಆರನೆಯದೋ ಓದುತ್ತಿದ್ದಾಗ, ಅಂಥ ಒಂದು ಆಟಿಯ ಮೊದಲಲ್ಲಿ ಮಾವ ಮಸ್ಕತ್ತಿನಿಂದ ರಜೆಯಲ್ಲಿ ಬಂದರು. ಅಮ್ಮನಿಗೆ ಇದ್ದ ಒಬ್ಬನೇ ತಮ್ಮ. ಅಲ್ಲಿ ಯಾವುದೋ ಹೋಟೆಲಿನ ಅಡುಗೆಮನೆಯಲ್ಲಿದ್ದರು. ಸಂಪಾಜೆಯ ತನ್ನ ಮನೆಗೂ ಹೋಗದೆ ನೇರ ಅಕ್ಕನ ಮನೆಗೆ ಬಂದವರು ಚಾವಡಿಯಲ್ಲಿ ಸೂಟ್‌ಕೇಸು ಬಿಚ್ಚಿ, ಮಡಿಸಿದ ಅಂಗಿಗಳ ನಡುವಿನಿಂದ ಒಂದು ವಿಡಿಯೊ ಕ್ಯಾಮರಾ ತೆಗೆದರು. ಒಂದೇ ಕೈಯಲ್ಲಿ ಹಿಡಿಯಬಹುದಾದಂಥದ್ದು, ಬದಿಯಲ್ಲಿ ಬಾಗಿಲಿನಂತೆ ತೆರೆಯುವ ಪುಟ್ಟ ಪರದೆ. ನಾನು ಕೈ ಚಾಚುವ ಮೊದಲೇ ಅಜ್ಜಿಯ ಸ್ವರ ಬಂತು.

"ಆಟಿಯಲ್ಲಿ ಹೊಸ ಸಾಮಾನು ಶುರು ಮಾಡುದಾ? ಕಟ್ಟಿ ಇಡು ಅದನ್ನು. ಸೋಣ ಬರ್ಲಿ."

"ಸೋಣ ಬರುವಾಗ ನಾನು ಮಸ್ಕತ್ತಿನಲ್ಲಿ ಇರ್ತೇನೆ ಅತ್ತೆ. ಇವರಿಗೆ ಕಲಿಸಿ ಕೊಡುದು ಯಾರು ಮತ್ತೆ?"

"ಕಲಿಯದಿದ್ರೆ ಬೇಡ. ಇಷ್ಟು ದಿನ ಅದಿಲ್ಲದೆ ನಾವೆಂತ ಸತ್ತಿದ್ದೇವಾ?"

ಅಪ್ಪ ಆ ದಿನ ಮನೆಯಲ್ಲಿರಲಿಲ್ಲ, ಕಡಬದಲ್ಲಿ ಉಳಿದಿದ್ದ ಶಾಮಿಯಾನ ತರಲು ಹೋಗಿದ್ದರು. ಮಾವ ಮೆಲ್ಲನೆ ಕ್ಯಾಮರಾದ ಸ್ವಿಚ್ಚು ಒತ್ತಿಯೇ ಬಿಟ್ಟಿದ್ದರು. ಪರದೆಯ ಮೇಲೆ ತಾರೀಕು ಕೇಳುವ ಖಾನೆಗಳು ಮಿಣುಕತೊಡಗಿದವು. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬಂದು ಬಗ್ಗಿ ನೋಡಿದಳು.

"ಇದು ತಾರೀಕು ನಮ್ಮ ಹತ್ರ ಕೇಳುದಾ? ಇದಕ್ಕೇ ಗೊತ್ತಿಲ್ವಾ?"

"ಇಲ್ಲ ಅಕ್ಕ. ನಾವು ಹೇಳಿದ್ದೇ ಅದಕ್ಕೆ ತಾರೀಕು."

"ಹಾಗಾದ್ರೆ ಸೋಣ ಸಂಕ್ರಮಣ ಅಂತ ಹೇಳು ಮಾರಾಯ. ಹೊರಗೆ ಆಟಿ ಇದ್ರೆ ಇರ್ಲಿ, ಅದರ ಒಳಗೆ ಸೋಣ ಆಗ್ಲಿ. ಏನತ್ತೆ, ಆಗ್ಬಹುದಾ?"

ಅಜ್ಜಿ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿ ಯೋಚಿಸಿದಳು. ಅದು ಮತ್ತೆ ಹಿಂದೆ ಬರುವುದಿಲ್ಲವಷ್ಟೆ ಎಂದು ಮಾವನಿಂದ ಖಾತ್ರಿ ಮಾಡಿಕೊಂಡಳು. ಹಾಗಾದರೆ ಅಡ್ಡಿಯಿಲ್ಲ ಎಂದಳು. ಮಾವ ಆಗಸ್ಟ್ ನಡುವಿನ ತಾರೀಕು ಒತ್ತಿದರು, ನಮ್ಮ ಗೋಡೆಯ ಕ್ಯಾಲೆಂಡರಿಗಿಂತ ಮೂರು ವಾರ ಮುಂದಿನದು. ಆಮೇಲೆ ಸರಿ ಮಾಡಿದರಾಯಿತು ಎಂದುಕೊಂಡರು, ಯಾರೂ ಸರಿ ಮಾಡಲಿಲ್ಲ. ತಾರೀಕು ಚಿತ್ರದ ಮೇಲೆ ಕಾಣುತ್ತಿರಲಿಲ್ಲ, ಬೇಕೆಂದು ಬಟನ್ ಒತ್ತಿದರಷ್ಟೇ ತೋರುತ್ತಿತ್ತು. ಕಾಣದ್ದರ ಗೊಡವೆ ಯಾರಿಗೆ? ಅಪ್ಪನಿಗೂ ಯಾರೂ ಹೇಳಲಿಲ್ಲ. ಹೇಳಿದ್ದರೆ ತನ್ನ ತಾಯಿಯನ್ನು ಮಂಗ ಮಾಡಿದರೆಂದು ಅವರು ಇನ್ನೊಂದು ಸುತ್ತು ಕುರ್ಚಿ ಜೋಡಿಸುತ್ತಿದ್ದರು. ಅವತ್ತು ನಾವು ಎಷ್ಟು ನಕ್ಕೆವೆಂದರೆ, ಅಜ್ಜಿಯೂ ಬಾಯಿಯ ರಸ ಹೊರಗೆ ಬೀಳದಂತೆ ಕೈ ಅಡ್ಡ ಹಿಡಿದು ನಕ್ಕಳು.

ಮಾವ ಹೋದ ಮೇಲೆ ಕ್ಯಾಮರಾ ಅಮ್ಮನದಾಯಿತು. ಅಪ್ಪ ಅದನ್ನು ಮುಟ್ಟುತ್ತಿರಲಿಲ್ಲ. ಬಾಡಿಗೆಗೆ ಕೊಡಲಾಗದ ಸಾಮಾನಿನ ಮೇಲೆ ಅವರಿಗೆ ಅಂಥ ಗೌರವವಿರಲಿಲ್ಲ. ಇದ್ದದ್ದು ಒಂದೇ ಟೇಪು. ಅದು ಮುಗಿದುಹೋದರೆ ಎಂಬ ಹೆದರಿಕೆಯಿಂದ ಅಮ್ಮ ಉಪ್ಪಿನಕಾಯಿ ಬಡಿಸುವ ಹಾಗೆ ಸ್ವಲ್ಪ ಸ್ವಲ್ಪವೇ ತೆಗೆಯುತ್ತಿದ್ದಳು. ಅಜ್ಜಿ ಹಲಸಿನ ಬೀಜ ಸುಲಿಯುವುದು, ನಾನು ಕೊಪ್ಪರಿಗೆಯೊಳಗೆ ಕುಳಿತು ಪದ್ಯ ಹೇಳುವುದು, ಅಪ್ಪ ಕ್ಯಾಮರಾ ಕಂಡೊಡನೆ ಬೆನ್ನು ತಿರುಗಿಸುವುದು. "ಬೆನ್ನಿಗೂ ಒಂದು ಮೋರೆ ಇದ್ರೆ ಒಳ್ಳೇದಿತ್ತು ನಿಮಗೆ" ಎಂದು ಹಿಂದಿನಿಂದ ಅವಳ ಸ್ವರ. ಹಾಗೆ ಆ ಟೇಪಿನ ಉದ್ದಕ್ಕೂ ಅಮ್ಮನ ಸ್ವರ ಕೇಳುತ್ತದೆ, ಅವಳು ಕಾಣುವುದಿಲ್ಲ. ಅಂಗಡಿಗಾಗಿ ದುಡಿದು, ಮದುವೆಮನೆಗಳಿಗೆ ಪಾತ್ರೆ ಕಳಿಸಿ, ಅವಳು ಸ್ವತಃ ಒಂದು ಒಳ್ಳೆಯ ಫೋಟೋ ತೆಗೆಸಿಕೊಂಡದ್ದೂ ಇಲ್ಲ. ತನ್ನ ಮದುವೆಯದ್ದೊಂದಿತ್ತು, ಅದರಲ್ಲಿ ಕಣ್ಣು ಮುಚ್ಚಿದ್ದಾಳೆ.

ಮುಂದಿನ ಮೇ ತಿಂಗಳಲ್ಲಿ, ಮದುವೆಗಳ ಭರಾಟೆಯ ನಡುವೆ, ಅಮ್ಮ ಹೊಟ್ಟೆಯ ಆಪರೇಷನ್ನಿಗೆಂದು ಮಂಗಳೂರಿಗೆ ಹೊರಟಳು. ಹೊರಡುವ ಹಿಂದಿನ ದಿನ ಮನೆ ಖಾಲಿ ಖಾಲಿ. ಕುರ್ಚಿಗಳೂ ಇಲ್ಲ, ಕೊಪ್ಪರಿಗೆಗಳೂ ಇಲ್ಲ. ಏನು ತೋಚಿತೋ, ಅಪ್ಪ ಮೊದಲ ಸಲ ಕ್ಯಾಮರಾ ಕೈಗೆತ್ತಿಕೊಂಡು ಅಡುಗೆಮನೆಗೆ ಹೋದರು. ನಾನು ಅಜ್ಜಿಯ ಜೊತೆ ಅಂಗಡಿಯಲ್ಲಿದ್ದೆ. ಒಳಗಿನಿಂದ ಅಮ್ಮ ಬೈಯುವುದೂ ಅಪ್ಪ ನಗುವುದೂ ಕೇಳುತ್ತಿತ್ತು. ಅಪ್ಪ ನಗುವುದನ್ನು ಕೇಳಿ ಅಜ್ಜಿಗೆ ಗಾಬರಿಯಾಯಿತು. ಹೊರಗೆ ಬಂದು ಅಪ್ಪ ನನಗೆ ಹೇಳಿದರು:

"ಇವತ್ತು ನಿನ್ನ ಅಮ್ಮನನ್ನು ಹಿಡಿದು ಹಾಕಿದ್ದೇನೆ. ಇನ್ನು ತಪ್ಪಿಸಿಕೊಳ್ಲಿಕ್ಕೆ ಆಗುದಿಲ್ಲ."

ಆಪರೇಷನ್ ಆದ ಮೇಲೆ ಅಮ್ಮ ಏಳಲಿಲ್ಲ. ಮೇ ತಿಂಗಳು ಮುಗಿಯುವ ಮೊದಲೇ ಅವಳನ್ನು ಸುಟ್ಟು ಬಂದರು. ಮಾವ ಮಸ್ಕತ್ತಿನಿಂದ ಬಂದು ಮುಟ್ಟುವಾಗ ಎರಡು ದಿನ ತಡವಾಗಿತ್ತು. ಅಕ್ಕನ ಮುಖ ನೋಡಲು ಅವರಿಗೆ ಸಿಗಲಿಲ್ಲ. ಉತ್ತರಕ್ರಿಯೆಯ ಮೊದಲು ಒಂದು ಮಧ್ಯಾಹ್ನ ಅವರು ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಕ್ಯಾಮರಾ ಹಿಡಿದು ಕುಳಿತದ್ದನ್ನು ನಾನು ನೋಡಿದ್ದೇನೆ. ಏನೋ ಒತ್ತಿದರು, ಬೆಚ್ಚಿದರು, ಮುಚ್ಚಿ ತಂದು ಕಪಾಟಿನಲ್ಲಿಟ್ಟರು. ನಾನು ಕೇಳಲಿಲ್ಲ. ಸಾವಿನ ಮನೆಯಲ್ಲಿ ದೊಡ್ಡವರನ್ನು ಮಕ್ಕಳು ಏನೂ ಕೇಳಬಾರದು ಎಂದು ನನಗೆ ನಾನೇ ತೀರ್ಮಾನಿಸಿಕೊಂಡಿದ್ದೆ.

ಒಂದು ವರ್ಷ ಅಪ್ಪ ಆ ಕಪಾಟು ತೆರೆಯಲಿಲ್ಲ. ಅಮ್ಮನ ವರ್ಷಾಂತದ ದಿನಕ್ಕೆ ಮಾವ ಮತ್ತೆ ಬಂದರು. ಬೆ‍ಳಿಗ್ಗೆಯೇ ಅಪ್ಪ ಕ್ಯಾಮರಾವನ್ನು ಪೇಟೆಯ ಒಂದು ಸ್ಟುಡಿಯೊಗೆ ಒಯ್ದು, ಇಂಥ ದಿನ ತೆಗೆದದ್ದನ್ನು ಹುಡುಕುವುದು ಹೇಗೆಂದು ಕೇಳಿ ಬಂದಿದ್ದರು. ಅದಕ್ಕೊಂದು ಬಟನ್ ಇತ್ತು. ಒತ್ತಿದ ಹಾಗೆ ಟೇಪು ಒಂದು ತಾರೀಕಿನಿಂದ ಇನ್ನೊಂದು ತಾರೀಕಿಗೆ ಓಡಿ ನಿಲ್ಲುತ್ತಿತ್ತು. ಪರದೆಯಲ್ಲಿ ಆಗ ತಾರೀಕು ಮಾತ್ರ, ಚಿತ್ರ ನೋಡಬೇಕಾದರೆ ಇನ್ನೊಂದು ಬಟನ್ ಒತ್ತಬೇಕು. ಬಡಿಸಲು ಎಲೆಗಳನ್ನು ಹಾಕಿಯಾಗಿತ್ತು. ಅಮ್ಮನನ್ನು ನೋಡಿಯೇ ಊಟಕ್ಕೆ ಕೂರುವುದೆಂದು ಅಪ್ಪ ಹೇಳಿದ್ದರು. ನಾನು ಅವರ ಹೆಗಲ ಹಿಂದೆ ನಿಂತಿದ್ದೆ, ಪರದೆ ನನಗೆ ಕಾಣುತ್ತಿರಲಿಲ್ಲ. ಅವರು ಒತ್ತಿದರು, ಮತ್ತೆ ಒತ್ತಿದರು. ಅಮ್ಮ ಹೊರಟ ಹಿಂದಿನ ದಿನದ ತಾರೀಕು ಅವರಿಗೆ ಬಾಯಿಪಾಠವಿತ್ತು. ಟೇಪಿನಲ್ಲಿ ಅದು ಇರಲಿಲ್ಲ.

"ಆ ತಾರೀಕೇ ಇಲ್ಲ. ಕೊನೆಗೆ ಜೂನ್ ಉಂಟು. ಜೂನಿನಲ್ಲಿ ಅವಳು ಎಲ್ಲಿದ್ದಳು? ಯಾರು ಇದನ್ನು ಹಿಡಿದದ್ದು?"

ಮಾವನ ಮುಖ ಬಿಳಿಚಿತು.

"ನಾನು ಒಮ್ಮೆ ಹಿಡಿದಿದ್ದೆ ಭಾವ. ಅಕ್ಕನನ್ನು ನೋಡುವಾ ಅಂತ. ಎಂತದೋ ಒತ್ತಿ ಹೋಯ್ತು, ಕೆಂಪು ಲೈಟು ಬಂತು. ಕೂಡಲೇ ಬಂದ್ ಮಾಡಿದೆ."

"ಅವಳ ಮೇಲೆ ತೆಗೆದೆಯಾ?"

"ಗೊತ್ತಿಲ್ಲ ಭಾವ. ಆಗಿರ್ಲೂಬಹುದು."

ಅಪ್ಪ ಪರದೆ ಮುಚ್ಚಿದರು. ಹೆಂಡತಿಯನ್ನು ಅಳಿಸಿ ಅದರ ಮೇಲೆ ಏನು ತೆಗೆದಿದ್ದಾರೆಂದು ನೋಡುವ ಮನಸ್ಸು ಯಾರಿಗಿರುತ್ತದೆ? ಆ ಜೂನನ್ನು ಅವರು ಓಡಿಸಿ ನೋಡಲೇ ಇಲ್ಲ. ಎದ್ದು ಮಾವನ ಚೀಲ ತಂದು ಹೊಸಿಲಿನ ಹೊರಗಿಟ್ಟರು. "ಉಂಡಾದ್ರೂ ಹೋಗ್ಲಿ ಮಗಾ" ಎಂದು ಅಜ್ಜಿ ಅತ್ತಳು. ಮಾವ ಚೀಲ ಎತ್ತಿಕೊಂಡು ನಡೆದರು. ಅವರ ಎಲೆಯನ್ನು ತೆಗೆಯಬೇಕೋ ಬಡಿಸಬೇಕೋ ಎಂದು ತಿಳಿಯದೆ ಅಜ್ಜಿ ಅದಕ್ಕೆ ಉಪ್ಪು ಬಡಿಸಿ ಸುಮ್ಮನಾದಳು. ಆ ಹೊತ್ತಿನಲ್ಲಿ ಆಟಿ, ಸೋಣ ನಮಗೆ ಯಾರಿಗೂ ನೆನಪಾಗಲಿಲ್ಲ. ಅಜ್ಜಿಗೆ ಜೂನ್ ಎಂದರೆ ಯಾವುದೆಂದೇ ಗೊತ್ತಿರಲಿಲ್ಲ. ತಾರೀಕು ಒತ್ತಿದ ಮಾವನೇ ಅದನ್ನು ಮರೆತಿದ್ದರು, ಏಕೆಂದರೆ ತಾನು ತಪ್ಪು ಮಾಡಿದೆನೆಂದು ಅವರು ಆಗಲೇ ನಂಬಿಯಾಗಿತ್ತು.

ಅದಾದ ಮೇಲಿನ ನಮ್ಮ ಮನೆಯ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಪಾತ್ರೆಗಳು ಹೋದವು, ಬಂದವು. ಅಜ್ಜಿ ತೀರಿಕೊಂಡಳು. ಅಪ್ಪ ಮಾವನ ಹೆಸರೆತ್ತುತ್ತಿರಲಿಲ್ಲ, ಟೇಪನ್ನು ಬಿಸಾಡಲೂ ಇಲ್ಲ. ನಮ್ಮಲ್ಲಿ ಹುಡುಗಿಯ ಕೈ ಹಿಡಿದು ಮದುವೆಯ ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ನನ್ನ ಮದುವೆ ನಿಶ್ಚಯವಾದಾಗ ಮಾವ ಮಸ್ಕತ್ತು ಬಿಟ್ಟು ಬಂದು, ಸಂಪಾಜೆಯಲ್ಲಿ ಘಾಟಿಯ ಬಸ್ಸುಗಳು ನಿಲ್ಲುವಲ್ಲಿ ಸಣ್ಣ ಹೋಟೆಲು ಹಾಕಿದ್ದರು. ಅವರನ್ನು ಕರೆದಿರಾ ಎಂದು ಅಪ್ಪನನ್ನು ಕೇಳಿದೆ. "ಕುರ್ಚಿ ಇಳಿಸುವವರು ಬಂದಿದ್ದಾರೆ" ಎಂದು ಎದ್ದು ಹೋದರು. ಇಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೇ ಎಂದುಕೊಂಡೆ. ಮದುವೆಯ ದಿನ ದೂರದ ಸಂಬಂಧದ ಒಬ್ಬರು ನನ್ನ ಕೈ ಹಿಡಿದರು. ಗಂಡನ ಮನೆಗೆ ಹೊರಡುವಾಗ ಎಲ್ಲ ಹೆಣ್ಣುಮಕ್ಕಳೂ ಅಪ್ಪನನ್ನು ಅಪ್ಪಿ ಅಳುತ್ತಾರೆ. ನಾನು ಕಾಲು ಮುಟ್ಟಿ ನಮಸ್ಕರಿಸಿ ಕಾರು ಹತ್ತಿದೆ.

ಹೋದ ವರ್ಷ ಅಪ್ಪ ಹೋದರು. ಅವರ ಕಪಾಟಿನಲ್ಲಿ ಪಂಚೆಗಳ ಕೆಳಗೆ ಕ್ಯಾಮರಾ ತುಕ್ಕು ಹಿಡಿದು ಕುಳಿತಿತ್ತು, ಟೇಪು ಬೇರೆಯಾಗಿ ಒಂದು ಕರವಸ್ತ್ರದಲ್ಲಿ ಸುತ್ತಿಕೊಂಡಿತ್ತು. ಸುಳ್ಯದಲ್ಲಿ ನನ್ನ ಗಂಡನ ಮನೆಯ ಹತ್ತಿರದ ಸ್ಟುಡಿಯೊದವರ ಬಳಿ ಅದೇ ತರದ ಹಳೆಯ ಕ್ಯಾಮರಾ ಒಂದಿತ್ತು, ಎರಡು ದಿನಕ್ಕೆಂದು ಕೇಳಿ ತಂದೆ. ಒಂದು ಬೆಳಿಗ್ಗೆ ಊಟದ ಮೇಜಿನ ಮೇಲಿಟ್ಟು ನಾನೂ ಅದೇ ಬಟನ್ ಒತ್ತಿದೆ. ತಾರೀಕಿನಿಂದ ತಾರೀಕಿಗೆ ಓಡಿ ಟೇಪು ಜೂನಿಗೆ ಬಂದು ನಿಂತಿತು. ಅಪ್ಪ ಮುಚ್ಚಿದ್ದು ಇಲ್ಲಿಯೇ. ನನಗೆ ಯಾರ ಮೇಲೂ ಸಿಟ್ಟು ಉಳಿದಿರಲಿಲ್ಲ, ಅದಕ್ಕೆ ಮುಚ್ಚಲಿಲ್ಲ, ಓಡಿಸುವ ಬಟನ್ ಒತ್ತಿದೆ.

ಅಡುಗೆಮನೆ. ಒಲೆಯ ಮುಂದೆ ಅಮ್ಮ. ಹಸಿರು ಸೀರೆ, ಹಣೆಯಲ್ಲಿ ಬೆವರು, ಕೈಯಲ್ಲಿ ಸೌಟು. ತಾನು ಸತ್ತ ನಂತರದ ತಾರೀಕಿನಲ್ಲಿ ನಿಂತುಕೊಂಡು ಅವಳು ನನ್ನ ಕಡೆಯೇ ನೋಡುತ್ತಿದ್ದಳು.

"ನನ್ನನ್ನು ತೆಗೆದು ಎಂತ ಮಾಡ್ಲಿಕ್ಕೆ? ಕೊಪ್ಪರಿಗೆ ತೆಗೀರಿ, ಅದಕ್ಕೆ ಬಾಡಿಗೆಯಾದ್ರೂ ಬರ್ತದೆ. ಸ್ವಲ್ಪ ನಗಾಡಿ ನೋಡುವಾ. ಹಾಂ, ಹಾಗೆ. ನಾನಿಲ್ಲದಾಗ ಮಗಳ ಹತ್ರ ಮೋರೆ ಊದಿಸಿಕೊಂಡು ಕೂರ್ಬೇಡಿ. ತಮ್ಮ ರಜೆಯಲ್ಲಿ ಬಂದ್ರೆ ನಾನಿಲ್ಲ ಅಂತ ಬಾಗಿಲಿಂದ ಕಳಿಸ್ಬೇಡಿ, ಕೂರಿಸಿ ಊಟ ಹಾಕಿ. ಸಾಕು, ಬಂದ್ ಮಾಡಿ ಅದನ್ನು, ಟೇಪು ಮುಗಿತದೆ."

ಅವಳ ಚಿತ್ರ ಮುಗಿದ ಮೇಲೆ, ಅವಳ ಮೇಲಲ್ಲ, ಅವಳ ನಂತರ, ಒಗೆಯುವ ಕಲ್ಲೂ ಮಾವನ ಬರಿಗಾಲೂ ಎರಡು ಕ್ಷಣ ಬಂದು ಹೋದವು. ನಾನು ಟೇಪನ್ನು ಮೊದಲಿಗೆ ತಿರುಗಿಸಿದೆ. ಆಗಸ್ಟ್ ನಡುವಿನ ತಾರೀಕು, ಎಲೆಅಡಿಕೆ ತುಂಬಿದ ಬಾಯಿಯಲ್ಲಿ ನಗುವ ಅಜ್ಜಿ, ಹಿಂದಿನಿಂದ ಅಮ್ಮನ ಸ್ವರ: "ನೋಡಿ ಅತ್ತೆ, ಸೋಣ ಬಂತು!" ಆಗ ಎಲ್ಲ ಒಟ್ಟಿಗೆ ನೆನಪಾಯಿತು: ಕ್ಯಾಮರಾದ ಒಳಗಿನ ಜೂನ್ ನಮ್ಮ ಮೇ ತಿಂಗಳೇ. ನಾನು ಮೇಜಿಗೆ ತಲೆಯಿಟ್ಟು ಅತ್ತೆ. ಅಪ್ಪ ಇನ್ನೊಂದೇ ಒಂದು ಸಲ ಬೆರಳು ಒತ್ತಿದ್ದರೆ ಸಾಕಿತ್ತು.

ಆ ದಿನವೇ ಸಂಪಾಜೆಗೆ ಹೋದೆ. ಮಧ್ಯಾಹ್ನದ ಊಟದ ಗಿರಾಕಿಗಳು ಎದ್ದು ಹೋಗಿ ಹೋಟೆಲು ಖಾಲಿಯಿತ್ತು. ಮಾವ ಕ್ಯಾಮರಾ ನೋಡಿದವರೇ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಅವರನ್ನು ಕೂರಿಸಿ ಸೋಣದ ಕಥೆಯನ್ನು ಹೇಳಿ, ಪರದೆಯನ್ನು ಅವರ ಮುಖದ ಹತ್ತಿರ ಹಿಡಿದೆ. ಪೂರ್ತಿ ನೋಡಿದರು. ಆಮೇಲೆ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು.

"ಅಮ್ಮ ಇಷ್ಟು ಹೇಳಿದ್ದಾಳೆ, ಅಪ್ಪ ಕೇಳಿಸಿಕೊಳ್ಳಲೇ ಇಲ್ಲ ಮಾವ," ಎಂದೆ. "ನನ್ನ ಮದುವೆಗೂ ನಿಮ್ಮನ್ನು ಕರೆಯಲಿಲ್ಲ."

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ನೀವು ಬರಲಿಲ್ಲವಲ್ಲ."

"ಭಾವ ಇಲ್ಲಿಗೇ ಬಂದಿದ್ರು ಮಗಾ. ಆ ಮೂಲೆಯ ಬೆಂಚಿನಲ್ಲಿ ಕೂತಿದ್ರು. ಚಾ ಕೊಟ್ಟೆ, ಕುಡೀಲಿಲ್ಲ. ಮಗಳನ್ನು ಮಂಟಪಕ್ಕೆ ನೀನೇ ಕರ್ಕೊಂಡು ಬರ್ಬೇಕು, ಆದದ್ದು ಆಯ್ತು ಅಂದ್ರು. ನಾನು ಬರ್ತೇನೆ ಅಂತ ಹೇಳಿದೆ. ಬಸ್‌ಸ್ಟ್ಯಾಂಡಿನವರೆಗೂ ಹೋದವ ತಿರುಗಿ ಬಂದೆ. ಅಕ್ಕನನ್ನು ಅಳಿಸಿ ಹಾಕಿದವ ಅವಳ ಮಗಳ ಕೈ ಹಿಡಿಯುದು ಹೇಗೆ?"

"ನಾನು ಕರೆದಿದ್ದೆ, ಅವನು ಬರಲಿಲ್ಲ" ಎಂದು ಅಪ್ಪ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಿದರೆ ನಾನು ಮಾವನನ್ನು ದೂರುತ್ತೇನೆಂದು ಅವರಿಗೆ ಅನ್ನಿಸಿರಬೇಕು. ದೂರನ್ನು ತನ್ನ ಮೇಲೆಯೇ ಇಟ್ಟುಕೊಂಡು ಹೋದರು.

ನನ್ನ ಮದುವೆಯ ಒಂದು ಫೋಟೋ ನಮ್ಮ ಮನೆಯ ಗೋಡೆಯಲ್ಲಿದೆ. ಎಲ್ಲರೂ ಮದುಮಕ್ಕಳನ್ನು ನೋಡುತ್ತಿರುವಾಗ ಅಪ್ಪನೊಬ್ಬರೇ ಕತ್ತು ಹೊರಳಿಸಿ ಅಂಗಳದ ಆಚೆ ನೋಡುತ್ತಿದ್ದಾರೆ. ಮಗಳ ಧಾರೆಯ ಹೊತ್ತಿಗೂ ಇವರಿಗೆ ಬಾಡಿಗೆ ಪಾತ್ರೆಗಳದ್ದೇ ಚಿಂತೆ ಎಂದು ನಾನೂ ನನ್ನ ಗಂಡನೂ ಬಂದವರಿಗೆಲ್ಲ ತೋರಿಸಿ ನಗಾಡಿದ್ದೇವೆ. ಸಂಪಾಜೆಯಿಂದ ಬಂದ ಸಂಜೆ ಅದನ್ನು ಗೋಡೆಯಿಂದ ಇಳಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಪ್ಪ ನೋಡುತ್ತಿದ್ದ ಕಡೆ ಪಾತ್ರೆಗಳಿರಲಿಲ್ಲ. ಅಲ್ಲಿದ್ದದ್ದು ಗೇಟು.